ಚಾಸಿ ಬಿಸಾಕುವ ಮೊದಲು

ಜಂಗು ತಿಂದ ಚಾಸಿಯನ್ನು ರಿಪೇರಿ ಮಾಡಿಸಬೇಕೋ, ಕಿತ್ತು ಬೇರೆಯದನ್ನೇ ಕೂರಿಸಬೇಕೋ? ಹಳೆಯ ಮಹೀಂದ್ರಾ ಜೀಪನ್ನು ಉಳಿಸಿಕೊಂಡವರ ಮುಂದೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ವಿಜಯಪುರದ ಮಟ್ಟಿಗಂತೂ ರಿಪೇರಿಯೇ ಮೊದಲ ಆಯ್ಕೆ ಆಗಬೇಕು ಎಂಬುದು ನನ್ನ ವಾದ. ಇದಕ್ಕೆ ಮೊದಲ ಸಾಕ್ಷಿ ಇಲ್ಲಿನ ಹವೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುತ್ತದೆ, ಜತೆಗೆ ಕಡಲ ಉಪ್ಪುಗಾಳಿ. ಇಲ್ಲಿ ಬೀಳುವುದು ಸುಮಾರು 600 ಮಿ.ಮೀ., ಉಳಿದ ತಿಂಗಳೆಲ್ಲ ಒಣಗಾಳಿ. ವಿಜಯಪುರದ ಉಪಲಿ ಬುರುಜಿನ ಮೇಲೆ ಕಬ್ಬಿಣದ ಪಟ್ಟಿಗಳನ್ನು ಬಳೆ ತೊಡಿಸಿ ಬಿಗಿದು ಮಾಡಿದ ಉದ್ದನೆಯ ತೋಪು ಆದಿಲ್‌ಶಾಹಿ ಕಾಲದಿಂದ ಬಯಲಲ್ಲೇ ಮಲಗಿದೆ, ಇನ್ನೂ ಗಟ್ಟಿಯಾಗಿದೆ. ಬಡಿದು ಮಾಡಿದ ಆ ದಪ್ಪ ಕಬ್ಬಿಣದ ಆಯುಷ್ಯ ಕೆಲವೇ ಮಿಲಿಮೀಟರ್ ದಪ್ಪದ ಚಾಸಿಗೆ ಬರಲಾರದು, ನಿಜ. ಆದರೆ ಎರಡಕ್ಕೂ ತಾಗುವ ಗಾಳಿ ಒಂದೇ. ಕರಾವಳಿಯ ಜೀಪಿನಂತೆ ತುದಿಯಿಂದ ತುದಿಗೆ ಹಪ್ಪಳವಾಗುವ ಚಾಸಿ ಇಲ್ಲಿ ಅಪರೂಪ. ಜಂಗು ಇಲ್ಲಿ ಕೆಲವು ಜಾಗ ಹಿಡಿದು ಕೂರುತ್ತದೆ.

ಆ ಜಾಗಗಳು ಯಾವುವು ಎಂಬುದು ಜೀಪಿನ ದುಡಿಮೆಯನ್ನು ನೋಡಿದರೆ ತಿಳಿಯುತ್ತದೆ. ಗಾಂಧಿ ಚೌಕ ಬಿಟ್ಟು ಅಥಣಿ ದಾರಿ ಹಿಡಿದರೆ ತಿಕೋಟಾ, ಅಲ್ಲಿಂದಾಚೆ ದ್ರಾಕ್ಷಿ ತೋಟಗಳು. ಜಮಖಂಡಿ ದಾರಿಯಲ್ಲಿ ಬಬಲೇಶ್ವರ, ಅದರ ಎರೆಭೂಮಿ. ಮಳೆಗಾಲದ ಎರೆಮಣ್ಣು ಚಾಸಿಯ ಸಂದಿಗಳಲ್ಲಿ ಮೆತ್ತಿಕೊಂಡರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಹಸಿ ಹಿಡಿದಿಡುತ್ತದೆ. ಹೊಲಕ್ಕೆ ಹೊರುವ ಎಂಒಪಿ ಎಂಬ ಪೊಟ್ಯಾಶ್ ಗೊಬ್ಬರದಲ್ಲಿರುವುದು ಕ್ಲೋರೈಡ್, ಕಡಲ ಉಪ್ಪಿನಲ್ಲಿರುವುದೂ ಅದೇ. ದ್ರಾಕ್ಷಿಗೆ ಹೊಡೆಯುವ ಬೋರ್ಡೊ ದ್ರಾವಣದ ಮೈಲುತುತ್ತ ಚೆಲ್ಲಿದರೆ ಅದರ ತಾಮ್ರ ಉಕ್ಕಿನ ಮೇಲೆ ಕೂತು ಪಕ್ಕದ ಉಕ್ಕನ್ನು ಕರಗಿಸತೊಡಗುತ್ತದೆ. ಹೀಗಾಗಿ ಮೊದಲು ಕೊರೆಯುವುದು ಸ್ಪ್ರಿಂಗ್ ಪಾಟಾ ಕೂರುವ ಬ್ರಾಕೆಟ್ಟುಗಳ ಸುತ್ತ, ಅಡ್ಡಪಟ್ಟಿ ಸೇರುವ ಕಡೆ, ಎರಡು ತಗಡು ಒಂದರ ಮೇಲೊಂದು ಕೂತಿರುವ ಕಡೆ. ಜಂಗು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಆ ತಗಡುಗಳು ಉಬ್ಬಿ ಬಾಯಿ ಬಿಡುತ್ತವೆ. ಕಣ್ಣಿಗೆ ಅದು ಭಯಂಕರವಾಗಿಯೇ ಕಾಣುತ್ತದೆ. ಒಂದು ಗೇಣಿನಾಚೆ ಸುತ್ತಿಗೆಯಿಂದ ಬಡಿದು ನೋಡಿ: ಠಣ್ ಎಂದರೆ ಉಕ್ಕು ಇನ್ನೂ ಜೀವಂತ, ದಬ್ ಎಂದರೆ ಹೋಗಿದೆ. ಇಡೀ ಚಾಸಿಗೆ ಸಾವಿನ ತೀರ್ಪು ಕೊಡುವ ಮೊದಲು ಅಡಿಯಡಿಗೂ ಈ ಪರೀಕ್ಷೆ ಆಗಬೇಕು.

ಇಂಥ ಚಾಸಿಯನ್ನು ಬಿಚ್ಚಿ ಜೋಡಿಸಲು ಬರುವಂತೆಯೇ ಕಟ್ಟಿದ್ದಾರೆ ಎಂಬುದು ಎರಡನೆಯ ಮಾತು. ಮಹೀಂದ್ರಾ ಕಂಪನಿ 1947ರಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನದು ಏಣಿಯಂಥ ಚಾಸಿ: ಉದ್ದಕ್ಕೆ ಎರಡು ಹಳಿ, ನಡುವೆ ಅಡ್ಡಪಟ್ಟಿಗಳು, ಜೋಡಣೆಗೆ ರಿವೆಟ್ಟು. ರಿವೆಟ್ಟಿನ ತಲೆ ಕೊರೆದರೆ ಕೆಟ್ಟ ಅಡ್ಡಪಟ್ಟಿ ಒಂದೇ ಹೊರಬರುತ್ತದೆ. ಅಂಬಾಸಿಡರ್‌ಗೂ ಪ್ರೀಮಿಯರ್ ಪದ್ಮಿನಿಗೂ ಈ ಅನುಕೂಲವಿಲ್ಲ, ಅವುಗಳ ಬಾಡಿಯೇ ಚಾಸಿ.

ರಿಪೇರಿ ವಿರೋಧಿಸುವವರ ದೊಡ್ಡ ಆಕ್ಷೇಪ ಸುರಕ್ಷತೆಯದು: ತೇಪೆ ಹಾಕಿದ ಚಾಸಿ ಹೊಂಡಕ್ಕೆ ಬಿದ್ದಾಗ ಮುರಿದರೆ? ಈ ಹೆದರಿಕೆ ಸುಳ್ಳಲ್ಲ. ಜಂಗಿನ ಮೇಲೆಯೇ ತಗಡು ಮುಚ್ಚಿ ವೆಲ್ಡಿಂಗ್ ಎಳೆದು ಕಪ್ಪು ಬಣ್ಣ ಬಳಿದ ಕೆಲಸ ಖಂಡಿತ ಅಪಾಯಕಾರಿ, ಅದನ್ನು ರಿಪೇರಿ ಎನ್ನಲೂಬಾರದು. ಆದರೆ ಅದು ಕೆಲಸಗೇಡಿತನದ ದೋಷ. ಹಳೆಯ ಚಾಸಿಯ ಮೆದು ಉಕ್ಕು ಬೆಸುಗೆಗೆ ಚೆನ್ನಾಗಿ ಒಗ್ಗುತ್ತದೆ. ಕೊಳೆತದ್ದನ್ನು ಹೊಳೆಯುವ ಉಕ್ಕು ಸಿಗುವವರೆಗೆ ಕತ್ತರಿಸಬೇಕು, ಅಷ್ಟೇ ದಪ್ಪದ ತುಂಡು ಕೂರಿಸಬೇಕು, ಹಳಿಗೆ ಅಡ್ಡಲಾಗಿ ನೇರ ಗೆರೆಯಲ್ಲಿ ಬೆಸೆಯದೆ ಓರೆಯಾಗಿ ಬೆಸೆಯಬೇಕು, ಆಗ ಭಾರ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ಕತ್ತರಿಸುವ ಮೊದಲೇ ಚಾಸಿಗೆ ಆಧಾರ ಕಟ್ಟಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ಬರೆದಿಡಬೇಕು. ಬೆಸುಗೆಯ ನಂತರವೂ ಅವೆರಡು ಸಮ ಬಂದರೆ ಚಾಸಿ ನೇರವಾಗಿದೆ ಎಂದರ್ಥ.

ಖರ್ಚಿನ ಆಕ್ಷೇಪವೂ ಉಂಟು. ಮಿಸ್ತ್ರಿಯ ದಿನಗೂಲಿ ಕೂಡಿಸಿದರೆ ಗುಜರಿಯ ಚಾಸಿಯೇ ಅಗ್ಗ ಎನ್ನುತ್ತಾರೆ. ಆ ಲೆಕ್ಕ ಕಾಗದಪತ್ರ ಮರೆತ ಲೆಕ್ಕ. ಆರ್‌ಸಿ ಪುಸ್ತಕದಲ್ಲಿರುವ ನಂಬರು ಚಾಸಿಯದು, ಕಾನೂನಿಗೆ ಗಾಡಿಯ ಗುರುತೇ ಅದು. ಹಳೆಯ ನಂಬರನ್ನು ಕತ್ತರಿಸಿ ಬೇರೆ ಚಾಸಿಗೆ ಅಂಟಿಸುವುದು ಅಪರಾಧ. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ ಗಾಡಿಗೆ ‘ವಿಎ’ ಸರಣಿಯ ನೋಂದಣಿ ಕೊಡುತ್ತದೆ, ಮೊದಲ ಶುಲ್ಕ 20,000 ರೂಪಾಯಿ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನು ಮಾರ್ಪಾಟಾಗಿರಬಾರದು ಎಂಬುದು ಷರತ್ತು. ಚಾಸಿಯನ್ನೇ ಬದಲಿಸಿದವರು ಅಲ್ಲಿ ಏನು ಹೇಳಬೇಕು? ದಿನವೂ ತೋಟಕ್ಕೆ ಓಡುವ ಜೀಪಿಗೆ ಈ ನೋಂದಣಿ ಹೊಂದುವುದಿಲ್ಲ ನಿಜ, ಆದರೆ ಚಾಸಿ ನಂಬರಿನ ಪ್ರಶ್ನೆ ಅದಕ್ಕೂ ತಪ್ಪಿದ್ದಲ್ಲ.

ಎರಡೂ ಹಳಿಗಳು ಉದ್ದಕ್ಕೂ ತೆಳುವಾಗಿದ್ದರೆ, ಅಪಘಾತದಲ್ಲಿ ಚಾಸಿ ತಿರುಚಿದ್ದರೆ, ಆಗ ಬದಲಿಸುವುದೇ ಸರಿ. ಅದಕ್ಕೆ ಸಾರಿಗೆ ಕಚೇರಿಯ ಅನುಮತಿ ಮೊದಲು, ಗ್ಯಾಸ್ ಕಟರ್ ಆಮೇಲೆ. ಉಳಿದವರು ಬೆಸುಗೆ ಮುಗಿಸಿ, ಸತುವಿನ ಪ್ರೈಮರ್ ಬಳಿದು, ಮುಚ್ಚಿದ ಪೊಳ್ಳುಗಳೊಳಗೆ ಮೇಣ ಸಿಂಪಡಿಸಿ, ನೀರು ಇಳಿಯುವ ತೂತುಗಳನ್ನು ತೆರೆದಿಡಲಿ. ಮುಂಗಾರು ಎರೆಮಣ್ಣನ್ನು ಮತ್ತೆ ಮೆತ್ತುವ ಮೊದಲೇ ಈ ಕೆಲಸ ಆಗಲಿ.