ಜಂಪರ್ ವಯರು ತಪ್ಪಾದರೆ ಕಾರಿಗೇನಾಗುತ್ತದೆ?

ಮನೆಯ ಯಜಮಾನರು ಗಲ್ಫ್‌ನಲ್ಲಿರುವಾಗ ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಂತಿರುತ್ತದೆ. ರಜೆಯಲ್ಲಿ ಬಂದವರು ಕುಟುಂಬವನ್ನು ಮದುವೆಗೆ ಕರೆದೊಯ್ಯಲು ಕೀ ತಿರುಗಿಸಿದರೆ ಸದ್ದೇ ಇಲ್ಲ. ನೆರೆಮನೆಯ ಕಾರು ಬರುತ್ತದೆ, ಜಂಪರ್ ಕೇಬಲ್ ಹೊರಬರುತ್ತದೆ. ಅವಸರದಲ್ಲಿ ಕೆಂಪು ವಯರು ಮೈನಸ್‌ಗೂ ಕಪ್ಪು ವಯರು ಪ್ಲಸ್‌ಗೂ ಹೋಗಿ ಕಿಡಿ ಹಾರುತ್ತದೆ. ಆಮೇಲೆ ಸರಿಯಾಗಿ ಜೋಡಿಸಿದರೂ ಕಾರು ಸ್ಟಾರ್ಟ್ ಆಗುವುದಿಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿ ಇಂತಹ ಪ್ರಸಂಗ ಬರುವುದುಂಟು. ಆಗ ನೀವು ಮಾಡಬೇಕಾದುದೇನು?

ಮೊದಲು ಮನುಷ್ಯರು, ಆಮೇಲೆ ಕಾರು

ಇನ್ನೊಮ್ಮೆ ಪ್ರಯತ್ನಿಸೋಣ ಎಂದು ಮುಂದುವರಿಯಬೇಡಿ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತಿರುತ್ತದೆ. ಒಂದು ಕಿಡಿ ತಗಲಿದರೆ ಬ್ಯಾಟರಿ ಸಿಡಿಯಬಹುದು. ಅದರೊಳಗಿರುವುದು ಗಂಧಕಾಮ್ಲ. ಮಕ್ಕಳನ್ನು ದೂರ ಕಳುಹಿಸಿ, ಎರಡೂ ಕಾರುಗಳ ಕೀ ಆಫ್ ಮಾಡಿ, ಕೇಬಲ್ ತೆಗೆಯಿರಿ. ವಯರು ಕರಗುತ್ತಿದ್ದರೆ ಅಥವಾ ಹೊಗೆ ಬರುತ್ತಿದ್ದರೆ ಕೈ ಹಾಕದೆ ದೂರ ಸರಿದು 112ಕ್ಕೆ ಕರೆ ಮಾಡಿ. ಆಮ್ಲ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಕನಿಷ್ಠ 15 ನಿಮಿಷ ನೀರು ಹರಿಸುತ್ತಾ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಿ.

ಲಕ್ಷಣ ನೋಡಿ ದೋಷ ತಿಳಿಯಿರಿ

ವಯರು ತಿರುಗುಮುರುಗಾದಾಗ ಒಮ್ಮೆಗೇ ಭಾರೀ ಪ್ರಮಾಣದ ವಿದ್ಯುತ್ ಹರಿಯುತ್ತದೆ. ಅದನ್ನು ತಡೆಯಲೆಂದೇ ಬ್ಯಾಟರಿಯ ಸಮೀಪ ಮುಖ್ಯ ಫ್ಯೂಸ್ ಇರುತ್ತದೆ. ಅನೇಕ ಸಲ ಅದೊಂದೇ ಸುಟ್ಟು ಉಳಿದುದೆಲ್ಲ ಸುರಕ್ಷಿತವಾಗಿರುತ್ತದೆ. ಆದ್ದರಿಂದ ಕಾರೇ ಹಾಳಾಯಿತೆಂದು ಗಾಬರಿಯಾಗದೆ ಹಂತಹಂತವಾಗಿ ನೋಡಿ.

ಒಳಗಿನ ಯಾವ ದೀಪವೂ ಉರಿಯದಿದ್ದರೆ ಮುಖ್ಯ ಫ್ಯೂಸ್ ಅಥವಾ ಬ್ಯಾಟರಿಯನ್ನು ಸಂಶಯಿಸಿ. ದೀಪ ಉರಿದು, ಕೀ ತಿರುಗಿಸಿದಾಗ ಟಿಕ್ ಟಿಕ್ ಸದ್ದು ಮಾತ್ರ ಬಂದರೆ ಬ್ಯಾಟರಿ ಇನ್ನೂ ದುರ್ಬಲವಾಗಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಸೆಲ್ಫ್ ಚೆನ್ನಾಗಿ ಹೊಡೆದರೂ ಎಂಜಿನ್ ಹಿಡಿಯದಿದ್ದರೆ ಇಂಧನ ಪಂಪಿನ ಅಥವಾ ಇಗ್ನಿಷನ್‌ನ ಫ್ಯೂಸ್ ನೋಡಬೇಕು. ಅವು ಸರಿಯಿದ್ದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ ಪೆಟ್ಟಾಗಿರಬಹುದು. ಅದನ್ನು ತಿಳಿದವರೇ ಪರೀಕ್ಷಿಸಬೇಕು.

ಕಾರು ಸ್ಟಾರ್ಟ್ ಆದರೂ ಬ್ಯಾಟರಿಯ ಕೆಂಪು ದೀಪ ಆರದಿದ್ದರೆ ಆಲ್ಟರ್ನೇಟರ್‌ನ ಡಯೋಡ್ ಸುಟ್ಟಿರಬಹುದು. ಹಾಗೆಯೇ ದೂರ ಹೊರಟರೆ ದಾರಿಯಲ್ಲಿ ಕಾರು ನಿಂತುಬಿಡುತ್ತದೆ.

ಮಲ್ಟಿಮೀಟರ್ ಇದ್ದರೆ ಅಳೆದು ನೋಡಿ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರವರೆಗೆ ಇರಬೇಕು. ಬ್ಯಾಟರಿ ಉಬ್ಬಿದ್ದರೆ, ಸೋರುತ್ತಿದ್ದರೆ ಅದನ್ನು ಮತ್ತೆ ಬಳಸಲೇಬೇಡಿ.

ಫ್ಯೂಸ್ ಬದಲಿಸುವಾಗ ಅದೇ ಆಂಪಿಯರ್‌ನದ್ದನ್ನೇ ಹಾಕಿ. ತಾಮ್ರದ ತಂತಿ ಸುತ್ತಿ ಕೆಲಸ ಮುಗಿಸಿದರೆ ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ಕಾರು. ಮುಖ್ಯ ಫ್ಯೂಸನ್ನು ಎಷ್ಟೋ ಕಾರುಗಳಲ್ಲಿ ನಟ್ಟು ಹಾಕಿ ಬಿಗಿದಿರುತ್ತಾರೆ. ಅದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಲೇಸು.

ಸರಿಯಾದ ಕ್ರಮ

ಎರಡೂ ಕಾರುಗಳ ಬ್ಯಾಟರಿ 12 ವೋಲ್ಟಿನದ್ದಾಗಿರಲಿ. ಲಾರಿಯ 24 ವೋಲ್ಟ್ ಬೇಡ. ಎರಡೂ ಕಾರುಗಳು ಆಫ್ ಆಗಿರಬೇಕು, ಒಂದಕ್ಕೊಂದು ತಾಗಬಾರದು. ಕೆಂಪು ವಯರನ್ನು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ನಂತರ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ ಕೊಡಿ. ಕಪ್ಪು ವಯರನ್ನು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ ಕೊಟ್ಟು, ಕೊನೆಯ ತುದಿಯನ್ನು ಕೆಟ್ಟು ನಿಂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಸಿಕ್ಕಿಸಿ. ತೆಗೆಯುವಾಗ ಇದರ ವಿರುದ್ಧ ಕ್ರಮ. ವಯರಿನ ಬಣ್ಣವನ್ನಷ್ಟೇ ನಂಬಬೇಡಿ. ಬ್ಯಾಟರಿಯ ಮೇಲಿನ ಪ್ಲಸ್, ಮೈನಸ್ ಗುರುತನ್ನು ಧೂಳು ಒರೆಸಿ ಓದಿಕೊಳ್ಳಿ.

ನೆರೆಯವರ ಹಕ್ಕು ಮರೆಯದಿರಿ

ಇಂತಹ ಸಂದರ್ಭದಲ್ಲಿ ನಾವು ನಮ್ಮ ಕಾರಿನ ಚಿಂತೆಯಲ್ಲೇ ಮುಳುಗಿ, ಸಹಾಯಕ್ಕೆ ಬಂದ ಕಾರನ್ನು ಮರೆಯುತ್ತೇವೆ. ಅದರ ಫ್ಯೂಸ್, ಆಲ್ಟರ್ನೇಟರ್‌ಗೂ ಹಾನಿಯಾಗಿರಬಹುದು. ಅವರು ಮನೆಗೆ ಹೋದ ಮೇಲೆ ತೊಂದರೆ ಕಾಣಿಸಿಕೊಂಡರೆ ನಮಗೆ ಗೊತ್ತೇ ಇಲ್ಲ ಎನ್ನುವುದು ವಿಶ್ವಾಸಿಗೆ ತಕ್ಕುದಲ್ಲ. ನಮ್ಮ ಕೈಯಿಂದ ಇನ್ನೊಬ್ಬರ ಸೊತ್ತಿಗೆ ನಷ್ಟವಾದರೆ, ಅದು ಅರಿಯದೆ ಆದುದಾದರೂ ತುಂಬಿಕೊಡುವುದು ನಮ್ಮ ಹೊಣೆಯಾಗಿದೆ. ಅವರ ಕಾರನ್ನೂ ಪರೀಕ್ಷಿಸಿ, ಖರ್ಚು ನೀವೇ ಕೊಡಿ. ತಪ್ಪು ಜೋಡಿಸಿದವರು ಅವರೇ ಆಗಿದ್ದರೆ, ಉಪಕಾರಕ್ಕೆ ಬಂದವರೆಂಬುದನ್ನು ನೆನೆದು ಮನ್ನಿಸುವುದು ಇನ್ನೂ ದೊಡ್ಡದು.

ಮೆಕ್ಯಾನಿಕ್‌ನಲ್ಲೂ ನಡೆದುದನ್ನು ಮುಚ್ಚಿಡಬೇಡಿ. ವಯರು ತಿರುಗುಮುರುಗಾಯಿತು ಎಂಬ ಒಂದು ಮಾತು ಹೇಳಿದರೆ ಅವನು ನೇರವಾಗಿ ಫ್ಯೂಸ್ ನೋಡುತ್ತಾನೆ. ಹೇಳದಿದ್ದರೆ ಅನಗತ್ಯವಾಗಿ ಹಲವು ಭಾಗಗಳನ್ನು ಬಿಚ್ಚಬೇಕಾದೀತು. ಅದರ ಕೂಲಿಯೂ ನಿಮ್ಮದೇ.

ಒಂಟೆಯನ್ನು ಕಟ್ಟಿಹಾಕಿ ಆ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡುವಂತೆ ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಬ್ಯಾಟರಿಯ ಮೈನಸ್ ವಯರು ಬಿಚ್ಚಿಡುವುದು ನಾವು ಕಟ್ಟಬೇಕಾದ ಹಗ್ಗ. ಎರಡು ನಿಮಿಷದ ಆ ಕೆಲಸ ಮಾಡಿಟ್ಟರೆ ಜಂಪರ್ ಕೇಬಲ್ ಹುಡುಕುವ ಪ್ರಮೇಯ ಬರುವುದು ಅಪರೂಪ.