ಕೂಸಿಗೆ ಹಬ್ಬದ ಕಾಣಿಕೆ



ದೀಪಾವಳಿ ಹತ್ತಿರ ಬಂದಿತ್ತು. ನಮ್ಮದು ಧಾರವಾಡದ ಕಡೆಯ ಒಂದು ಸಣ್ಣ ಊರು. ರಾತ್ರಿ ಊಟ ಮುಗಿಸಿ ನಾವೆಲ್ಲ ಓದುವ ತರಗತಿಗೆ ಸೇರುತ್ತೇವೆ. ಆವತ್ತು ಯಾರೂ ಪುಸ್ತಕ ತೆಗೆಯಲಿಲ್ಲ. ಎಲ್ಲರ ಬಾಯಲ್ಲೂ ಹಿಂದಿನ ಓಣಿಯ ಬಾಣಂತಿಯ ಮಾತೇ.

ಆಕೆ ಕೂಲಿ ಮಾಡುವವಳು. ಗಂಡ ದುಡಿಯಲು ಗೋವಾಕ್ಕೆ ಹೋದವನು ಹಣ ಕಳಿಸಿಲ್ಲ. ತವರಿನಲ್ಲಿ ಮುದುಕಿ ತಾಯಿ ಒಬ್ಬಳೇ. ಅವಳಿಗೂ ಕಣ್ಣು ಮಂಜು. ಕೂಸಿಗೆ ಒಂದು ತಿಂಗಳು. ಹುಟ್ಟಿದಾಗ 1 ಕಿಲೊ 900 ಗ್ರಾಂ ಇತ್ತು. ಹುಟ್ಟಿದ ಕೂಸು ಎರಡೂವರೆ ಕಿಲೊ ಆದರೂ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಚಳಿ ಬೇಗ ಹತ್ತುತ್ತದೆ. ರೋಗವೂ ಬೇಗ ಅಂಟುತ್ತದೆ. ದೀಪಾವಳಿ ಎಂದರೆ ಚಳಿ ಶುರುವಾಗುವ ಕಾಲ.

"ಅಕ್ಕೋರೇ, ಆ ಕೂಸಿಗೆ ಹಬ್ಬಕ್ಕ ಏನರೆ ಕೊಡೂಣ್ರಿ" ಎಂದಳು ಒಬ್ಬಳು. ಹತ್ತು, ಇಪ್ಪತ್ತು, ಐವತ್ತು ಎಂದು ಕೂಡಿಸಿದೆವು. 740 ರೂಪಾಯಿ ಆಯಿತು.

ಏನು ಕೊಡುವುದು? ಒಬ್ಬಳು ಜರಿ ಅಂಚಿನ ಅಂಗಿ ಎಂದಳು. ಒಬ್ಬಳು ಬೆಳ್ಳಿ ಕಾಲಗೆಜ್ಜೆ ಎಂದಳು. ಆ ರೊಕ್ಕಕ್ಕೆ ಗೆಜ್ಜೆ ಎಲ್ಲಿಂದ ಬರಬೇಕು, ಬಿಡಿ. ಮತ್ತೊಬ್ಬಳು, "ಹಾಲಿನ ಪುಡಿ ಡಬ್ಬಿ, ಒಂದು ಬಾಟ್ಲಿ ಕೊಡೂಣು. ಆಕಿಗೆ ಹಾಲು ಸಾಲಂಗಿಲ್ಲಂತ" ಎಂದಳು. ಹಲವರು ತಲೆ ಹಾಕಿದರು.

ನಾವು ಸುಮ್ಮನೆ ಕುಳಿತೆವು. ಯಾಕೆಂದರೆ ಹಿಂದೆ ಒಂದು ಸಲ ನಾವೇ ಆ ತಪ್ಪು ಮಾಡಿದ್ದೆವು. ಇನ್ನೊಂದು ಬಡ ಮನೆಯ ಕೂಸಿಗೆ ಡಬ್ಬಿ, ಬಾಟಲಿ ಕೊಟ್ಟಿದ್ದೆವು. ಒಳ್ಳೆಯದು ಮಾಡಿದೆವು ಎಂದು ಹಿಗ್ಗಿದ್ದೆವು. ಆ ತಾಯಿ ಡಬ್ಬಿ ಬೇಗ ತೀರಬಾರದೆಂದು ಪುಡಿ ಕಡಿಮೆ ಹಾಕಿ, ನೀರು ಹೆಚ್ಚು ಬೆರೆಸಿದಳು. ಬಾಟಲಿಯನ್ನು ಕುದಿಯುವ ನೀರಿನಲ್ಲಿ ತೊಳೆಯಲು ದಿನಕ್ಕೆ ಆರು ಸಲ ಕಟ್ಟಿಗೆ ಎಲ್ಲಿಂದ ತರಬೇಕು? ಕೂಸಿಗೆ ಭೇದಿ ಹತ್ತಿತು. ನಾಲ್ಕು ದಿನ ಆಸ್ಪತ್ರೆ. ಉಳಿಯಿತು, ನಮ್ಮ ಪುಣ್ಯ.

ಅಷ್ಟರಲ್ಲಿ ತಾಯಿಯ ಹಾಲೂ ಕಡಿಮೆಯಾಗಿತ್ತು. ಇದನ್ನು ಸ್ವಲ್ಪ ನಿಂತು ತಿಳಿಯಬೇಕು. ಕೂಸು ಚೀಪಿದಷ್ಟೂ ಎದೆಯಲ್ಲಿ ಹಾಲು ಬರುತ್ತದೆ. ಬಾಟಲಿ ಕುಡಿದು ಹೊಟ್ಟೆ ತುಂಬಿದ ಕೂಸು ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಇಳಿಯುತ್ತದೆ. ಆಮೇಲೆ ಡಬ್ಬಿ ತೀರುತ್ತದೆ. ಎರಡನೆಯ ಡಬ್ಬಿ ಯಾರು ಕೊಡುತ್ತಾರೆ? ನಾವು ಕೊಟ್ಟದ್ದು ಒಂದೇ ಡಬ್ಬಿ. ಕಸಿದುಕೊಂಡದ್ದು ಎಷ್ಟು ನೋಡಿ.

ಇದಕ್ಕೆ ಕಾನೂನೂ ಇದೆ. 1992ರಲ್ಲಿ ಬಂತು. 2003ರಲ್ಲಿ ಇನ್ನೂ ಬಿಗಿಯಾಯಿತು. ಕೂಸಿನ ಹಾಲಿನ ಪುಡಿಯನ್ನಾಗಲಿ ಹಾಲಿನ ಬಾಟಲಿಯನ್ನಾಗಲಿ ಯಾರೂ ದಾನ ಕೊಡುವಂತಿಲ್ಲ. ಅನಾಥಾಲಯಕ್ಕೆ ಮಾತ್ರ ಕೊಡಬಹುದು. ತಾಯಿಯ ಹಾಲೇ ಕೂಸಿಗೆ ಎಲ್ಲಕ್ಕಿಂತ ಒಳ್ಳೆಯದು ಎಂದು ಡಬ್ಬಿಯ ಮೇಲೆಯೇ ಮುದ್ರಿಸಬೇಕು. ತಾಯಿ ಇಲ್ಲದ ಕೂಸಿಗೆ, ಹಾಲೂಡಿಸಲು ಆಗದಷ್ಟು ಕಾಯಿಲೆಯ ತಾಯಿಗೆ ಏನು ಮಾಡಬೇಕು? ಅದನ್ನು ಡಾಕ್ಟರು ಹೇಳಬೇಕು. ನಾವು ಅಂಗಡಿಯಲ್ಲಿ ನಿಂತು ತೀರ್ಮಾನ ಮಾಡುವ ಮಾತಲ್ಲ.

ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕು. ನೀರೂ ಬೇಡ. ಹಾಗಾದರೆ ಕೂಸಿನ ಊಟ ಇರುವುದು ತಾಯಿಯ ಹತ್ತಿರ. ಕೂಸಿಗೆ ಕೊಡಬೇಕು ಎಂದರೆ ತಾಯಿಗೆ ಕೊಡಬೇಕು. ಇಷ್ಟು ಸಾದಾ ಮಾತು ನಮಗೆ ತಿಳಿಯಲು ಒಂದು ಕೂಸು ಆಸ್ಪತ್ರೆ ಸೇರಬೇಕಾಯಿತು.

ಈ ಸಲ ಮೊದಲು ಆಕೆಯನ್ನೇ ಕೇಳೋಣ ಎಂದೆವು. ಇಪ್ಪತ್ತು ಮಂದಿ ಹೋದರೆ ಓಣಿಯೆಲ್ಲ ನೋಡುತ್ತದೆ. ಬಡತನ ಇದ್ದವರಿಗೂ ಮಾನ ಇದೆ. ಅದಕ್ಕೆ ದೀಪ ಹಚ್ಚುವ ಹೊತ್ತಿಗೆ ಇಬ್ಬರೇ ಹೋದೆವು. "ಏನವ್ವಾ, ಏನು ಬೇಕು?" ಎಂದರೆ ಯಾರು ಬಾಯಿ ಬಿಡುತ್ತಾರೆ? "ಏನೂ ಬ್ಯಾಡ್ರಿ" ಎಂದಳು. ಕುಳಿತು ಮಾತಾಡಿದೆವು. ಮನೆ ನೋಡಿದೆವು. ಕೂಸು ಹಳೆಯ ಸೀರೆಯ ಜೋಳಿಗೆಯಲ್ಲಿ ಮಲಗಿತ್ತು. ಮೈತುಂಬ ಸೊಳ್ಳೆ ಕಚ್ಚಿದ ಗುರುತು. ಪಾದ ಮುಟ್ಟಿದರೆ ತಣ್ಣಗಿತ್ತು. ಒಲೆ ಅದೇ ಕೋಣೆಯಲ್ಲಿ, ಹೊಗೆಯೂ ಅಲ್ಲೇ. ಕಡೆಗೆ ಆಕೆ ತಲೆ ತಗ್ಗಿಸಿ ಹೇಳಿದಳು: "ಅಕ್ಕೋರೇ, ಒಂದು ತಾಸು ನಿದ್ದಿ ಬೇಕಾಗೇತ್ರಿ."

ನಾವು ತಿರುಗಿ ಬಂದು ತರಗತಿಯಲ್ಲಿ ಇದನ್ನೆಲ್ಲ ಹೇಳಿದೆವು. ಜರಿ ಅಂಗಿಯ ಮಾತು ತಾನಾಗಿಯೇ ನಿಂತಿತು. ಜರಿ ಎಳೆಯ ಚರ್ಮವನ್ನು ಗೀರುತ್ತದೆ. ಗುಂಡಿ, ಮಣಿ, ಚಮಕಿ ಕಿತ್ತು ಬಂದರೆ ಕೂಸಿನ ಬಾಯಿಗೆ ಹೋಗುತ್ತದೆ. ಕೊರಳಿಗೆ ದಾರ, ಸರ ಬೇಡವೇ ಬೇಡ. ಬಿಗಿದರೆ ಉಸಿರು ಕಟ್ಟುತ್ತದೆ. ಪೌಡರ್ ಡಬ್ಬಿಯ ಬಣ್ಣ ಚೆಂದ ಇರುತ್ತದೆ. ಆದರೆ ಆ ಧೂಳು ಕೂಸಿನ ಉಸಿರಿನೊಳಗೆ ಹೋಗುತ್ತದೆ. ಕಾಡಿಗೆಯೂ ಬೇಡ. ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ. ಸೀಸ ಮಗುವಿನ ಮಿದುಳಿಗೆ ಕೇಡು. "ದೃಷ್ಟಿ ಆದ್ರ?" ಎಂದು ನಮ್ಮ ದೊಡ್ಡಮ್ಮ ಕೇಳಿದಳು. ಅಂಗಾಲಿಗೆ ಒಲೆಯ ಮಸಿ ಒಂದು ಚುಕ್ಕೆ ಇಡಿ, ಕಣ್ಣಿಗೆ ಬೇಡ ಎಂದೆವು. ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ನೆಕ್ಕಿಸಬಾರದು. ಅದರಲ್ಲಿ ಎಳೆಯ ಕೂಸಿಗೆ ವಿಷವಾಗುವ ರೋಗಾಣು ಇರಬಹುದು. ದೊಡ್ಡಮ್ಮ ಇದಕ್ಕೆ ಒಪ್ಪಿದಳೋ ಇಲ್ಲವೋ, ತಲೆಯಂತೂ ಆಡಿಸಿದಳು.

ಇನ್ನೊಬ್ಬಳು ಕಲಘಟಗಿಯ ಬಣ್ಣದ ತೊಟ್ಟಿಲು ನೆನೆಸಿದಳು. ಅದು ಬಲು ಚೆಂದ. ಬೆಲೆಯೂ ಅಷ್ಟೇ ದೊಡ್ಡದು. ಸೀರೆಯ ಜೋಳಿಗೆ ಗಟ್ಟಿಯಾಗಿದ್ದರೆ ಸಾಕು.

ನಮ್ಮ ಅಕ್ಕಂದಿರಲ್ಲಿ ಒಬ್ಬಳಿಗೆ ‘ಮಡಿಲು’ ಚೀಲ ನೆನಪಾಯಿತು. 2007ರಲ್ಲಿ ನಮ್ಮ ರಾಜ್ಯದಲ್ಲಿ ಆ ಯೋಜನೆ ಶುರುವಾಯಿತು. ಸರಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಆಗ ಒಂದು ಚೀಲ ಕೊಡುತ್ತಿದ್ದರು. ಒಳಗೆ 19 ಸಾಮಾನು. ಸೊಳ್ಳೆ ಪರದೆ, ಹೊದಿಕೆ, ಸೋಪು, ಕೂಸಿಗೆ ಟೋಪಿ, ಸ್ವೆಟರು. ತಾಯಿಗೆ ಬೇಕಾದದ್ದೂ ಅದರಲ್ಲೇ ಇತ್ತು. "ಆ ಸೊಳ್ಳಿ ಪರದೇದಾಗ ನನ್ನ ಮೂರೂ ಮಕ್ಕಳು ಮಲಗ್ಯಾವ್ರಿ" ಎಂದಳು ಆಕೆ. ನಮಗೆ ದಾರಿ ಸಿಕ್ಕಿತು.

ಪೇಟೆಗೆ ಮೂವರು ಹೋದರು. ಬೆಲೆಯನ್ನು ತಾವೇ ಓದಿದರು. ತಾವೇ ಕೂಡಿಸಿದರು. ಸೊಳ್ಳೆ ಪರದೆಗೆ 280. ಟೋಪಿ, ಕಾಲುಚೀಲಕ್ಕೆ 150. ಮೈ ಸೋಪು, ಬಟ್ಟೆ ಸೋಪಿಗೆ 140. ಉಳಿದ 170ಕ್ಕೆ ಶೇಂಗಾ, ಬೆಲ್ಲ, ಹೆಸರುಕಾಳು. ಅಂಗಡಿಯವನು ಒಂದು ಸೋಪಿಗೆ ಎರಡು ರೂಪಾಯಿ ಹೆಚ್ಚು ಕೇಳಿದನಂತೆ. ಕಾಗದದ ಮೇಲಿನ ಬೆಲೆ ಓದಿ ತೋರಿಸಿದರಂತೆ. ಇದನ್ನು ಅವರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ!

ಬಟ್ಟೆಗೆ ಮಾತ್ರ ನಾವು ರೊಕ್ಕ ಹಾಕಲಿಲ್ಲ. ಕೂಸಿಗೆ ಹೊಸ ಬಟ್ಟೆಗಿಂತ ಹಳೆಯ ಹತ್ತಿ ಬಟ್ಟೆ ಮೆತ್ತಗೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಮನೆಮನೆಯಿಂದ ಹಳೆಯ ಧೋತರ, ಸೀರೆ ಬಂದವು. ಬಿಸಿ ನೀರಿನಲ್ಲಿ ಸೋಪು ಹಚ್ಚಿ ಒಗೆದು, ಸುಡು ಬಿಸಿಲಿಗೆ ಒಣಗಿಸಿದೆವು. ನೆರಳಿನಲ್ಲಿ ಒಣಗಿಸಿದ ಬಟ್ಟೆ ಕೊಡಬಾರದು. ಎಂಟು ಲಂಗೋಟಿ, ನಾಲ್ಕು ಕಟ್ಟುವ ಅಂಗಿ ಆದವು. ಗುಂಡಿ ಇಲ್ಲ, ಮೆತ್ತನೆಯ ಲಾಡಿ ಮಾತ್ರ. ಆ ಲಾಡಿಯೂ ಗಿಡ್ಡ, ಪಕ್ಕೆಯ ಹತ್ತಿರ. ಉಳಿದ ತುಂಡುಗಳಿಂದ ದೊಡ್ಡಮ್ಮ ಒಂದು ಪುಟ್ಟ ಕೌದಿ ಹೊಲಿದಳು. ನಮ್ಮ ಕಡೆ ಕೌದಿ ಇಲ್ಲದ ಮನೆಯೇ ಇಲ್ಲ. ಆದರೆ ಕೂಸಿನ ಕೌದಿ ಹಗುರ ಇರಬೇಕು. ಎದೆಯವರೆಗೆ ಹೊದಿಸಬೇಕು, ಮುಖ ಮುಚ್ಚಬಾರದು.

ಒಂದು ಉದ್ದನೆಯ ಮೆತ್ತನೆಯ ಬಟ್ಟೆಯನ್ನು ಬೇರೆಯಾಗಿ ತೆಗೆದಿಟ್ಟೆವು. ಅದರ ಕೆಲಸವೇ ಬೇರೆ. ಕೂಸಿಗೆ ಟೋಪಿ, ಲಂಗೋಟಿ ಮಾತ್ರ ಹಾಕಿ ತಾಯಿಯ ಎರಡು ಎದೆಗಳ ನಡುವೆ ನೆಟ್ಟಗೆ ಒರಗಿಸಬೇಕು. ಮೈಗೆ ಮೈ ತಾಗಬೇಕು. ಮೂಗು ಬಾಯಿ ತೆರೆದಿರಬೇಕು. ಮೇಲಿಂದ ಆ ಬಟ್ಟೆ ಸುತ್ತಿ ಕಟ್ಟಬೇಕು. ತಾಯಿಯ ಮೈಯ ಕಾವೇ ಕೂಸನ್ನು ಕಾಯುತ್ತದೆ. ಕಾಂಗರೂ ಎಂಬ ಪ್ರಾಣಿ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತದೆ. ಅದಕ್ಕೆ ಈ ಪದ್ಧತಿಗೆ ಅದರದೇ ಹೆಸರು. ದೂರದ ಕೊಲಂಬಿಯಾ ದೇಶದ ಬೊಗೊಟಾ ಊರಿನಲ್ಲಿ 1970ರ ದಶಕದ ಕೊನೆಗೆ ಡಾಕ್ಟರುಗಳು ಇದನ್ನು ಶುರು ಮಾಡಿದರು. ಅಲ್ಲಿ ಸಣ್ಣ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲುತ್ತಿರಲಿಲ್ಲ. ಈಗ ನಮ್ಮ ದೇಶದ ಆಸ್ಪತ್ರೆಗಳಲ್ಲೂ ಇದನ್ನೇ ಹೇಳಿಕೊಡುತ್ತಾರೆ. ಆಶಾ ಅಕ್ಕ ಮನೆಗೆ ಬಂದು ಬಾಣಂತಿಗೆ ಕಟ್ಟಿ ತೋರಿಸಿದಳು. ಕೂಸು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ, ಉಸಿರು ಬಿರುಸಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು ಎಂದೂ ಹೇಳಿದಳು.

ಹಬ್ಬದ ಹಿಂದಿನ ದಿನ ಎಲ್ಲವನ್ನೂ ಒಂದು ಬುಟ್ಟಿಯಲ್ಲಿಟ್ಟು ಒಯ್ದೆವು. ಶೇಂಗಾ ಬೆಲ್ಲದ ಉಂಡೆ ಕಟ್ಟಿದ್ದೆವು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ ಎಂದು ಮುದುಕಿ ತಾಯಿ ನೀರು ಕೊಡುತ್ತಿರಲಿಲ್ಲ. ಹಾಲು ಸಾಲದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಆಶಾ ಅಕ್ಕ ಮುದುಕಿಯ ಕೈ ಹಿಡಿದು ತಿಳಿಸಿ ಹೇಳಿದಳು. ಒಂದು ತಂಬಿಗೆ ನೀರು ಬಾಣಂತಿಯ ಹತ್ತಿರವೇ ಇಟ್ಟೆವು.

ಉಳಿದದ್ದು ನಿದ್ದೆ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದಕ್ಕೆ ತರಗತಿಯ ಹಲಗೆಯ ಮೇಲೆ ಏಳು ವಾರಗಳ ಹೆಸರು ಬರೆದೆವು. ದಿನಕ್ಕೆ ಒಬ್ಬರು ಮಧ್ಯಾಹ್ನ ಎರಡು ತಾಸು ಹೋಗಬೇಕು. ನೀರು ತುಂಬಬೇಕು, ಲಂಗೋಟಿ ಒಗೆಯಬೇಕು, ಕೂಸನ್ನು ನೋಡಿಕೊಳ್ಳಬೇಕು. ಬಾಣಂತಿ ಮಲಗಬೇಕು. ಚುಚ್ಚುಮದ್ದಿನ ದಿನ ಯಾರಾದರೂ ಜೊತೆಗೆ ಹೋಗಬೇಕು. ಸರಕಾರಿ ಬಸ್ಸಿನಲ್ಲಿ 2023ರಿಂದ ನಮಗೆ ಟಿಕೆಟ್ ಇಲ್ಲ. ಆದರೂ ಹಸಿ ಬಾಣಂತಿ ಒಬ್ಬಳೇ ಹೇಗೆ ಹೋದಾಳು?

ಒಬ್ಬೊಬ್ಬರೇ ಎದ್ದು ಬಂದು ವಾರದ ಮುಂದೆ ತಮ್ಮ ಹೆಸರನ್ನು ತಾವೇ ಬರೆದರು. ಕೆಲವರ ಅಕ್ಷರ ಡೊಂಕು. ಒಬ್ಬಳು ಒತ್ತಕ್ಷರ ಮರೆತು, ಅಳಿಸಿ ಮತ್ತೆ ಬರೆದಳು. ಶನಿವಾರದ ಮುಂದೆ ಯಾರ ಹೆಸರೂ ಬರಲಿಲ್ಲ. ಅದು ಸಂತೆಯ ದಿನ. ಶನಿವಾರ ನಮಗೆ ಶಾಲೆ ಬೆಳಿಗ್ಗೆ ಮಾತ್ರ. ಅಲ್ಲಿ ನಾವು ನಮ್ಮ ಹೆಸರು ಬರೆದೆವು.