ಕಬಡ್ಡಿಯ ದಳದಲ್ಲಿ ಗಾಯವೂ ಸ್ಥೈರ್ಯವೂ

ಏಳು ಮಂದಿ ಕೂಡಿ ಆಡುವ ಕಬಡ್ಡಿಯಲ್ಲಿ ಒಬ್ಬನು ಗಾಯಗೊಂಡು ಕಣವನ್ನು ಬಿಟ್ಟರೆ ದಳಕ್ಕೆ ಉಂಟಾಗುವ ಹಾನಿಯು ಎಷ್ಟು? ಏಳರಲ್ಲಿ ಒಂದಂಶವೆ, ಅದಕ್ಕಿಂತ ಹೆಚ್ಚೆ, ಕಡಮೆಯೆ? ಮೇಲುನೋಟಕ್ಕೆ ಇದು ವಿನೋದದ ಪ್ರಶ್ನೆಯಂತೆ ತೋರುವುದು. ಆದರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗೆ ದಳವನ್ನು ಕಟ್ಟುವವರು ಈ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ದುಡಿದು ತಿನ್ನುವ ತರುಣನ ಮೊಣಕಾಲಿನ ಕ್ಷೇಮವು ನಿಂತಿರುವುದು. ಆದುದರಿಂದ ಇದು ವಿಚಾರಾರ್ಹವಾದ ವಿಷಯವೇ ಸರಿ.

ಮೊದಲು ಆಟದ ಸ್ವರೂಪವನ್ನು ಗಮನಿಸಬೇಕು. ಕಬಡ್ಡಿಯಲ್ಲಿ ಆಟಗಾರನು ಕಣದಿಂದ ಹೊರಹೋಗುವುದು ಎರಡು ಬಗೆ. ಎದುರಾಳಿಯ ಸ್ಪರ್ಶದಿಂದಲೋ ಹಿಡಿತದಿಂದಲೋ ಔಟಾದವನು ಹೊರಗೆ ಕುಳಿತರೂ, ತನ್ನವರು ಒಬ್ಬ ಎದುರಾಳಿಯನ್ನು ಕೆಡೆದೊಡನೆ ಮತ್ತೆ ಜೀವ ಪಡೆದು ಒಳಬರುವನು. ಇದು ಆಟದ ಮರಣ, ಇದಕ್ಕೆ ಪುನರ್ಜನ್ಮವುಂಟು. ಗಾಯಗೊಂಡು ಹೋದವನಾದರೋ ಜೊತೆಗಾರರು ಎಷ್ಟು ಅಂಕಗಳನ್ನು ಗಳಿಸಿದರೂ ಮರಳಿ ಬರಲಾರನು. ಬದಲಿ ಆಟಗಾರರು ಐವರು ಇರುವರಷ್ಟೆ. ಅವರಲ್ಲೊಬ್ಬನು ಬಂದರೆ ಸಂಖ್ಯೆಯು ತುಂಬುವುದು. ಆದರೆ ಸಂಖ್ಯೆ ತುಂಬಿದ ಮಾತ್ರಕ್ಕೆ ದಳವು ತುಂಬಿತೆಂದು ಹೇಳಲಾಗದು. ದಾಳಿಗಾರನನ್ನು ಹಿಡಿಯುವವರು ಇಬ್ಬಿಬ್ಬರಾಗಿ ಕೈಕೈ ಹಿಡಿದು ಸರಪಳಿಯಂತೆ ನಿಲ್ಲುವರು. ಮೂಲೆಯವನು ಕಾಲಹರಡಿಗೆ ಕೈಹಾಕಿದ ಕ್ಷಣದಲ್ಲಿಯೇ ಪಕ್ಕದವನು ಸೊಂಟಕ್ಕೆ ಬಂದು ಕವಿಯದಿದ್ದರೆ ಹಿಡಿತವು ಬಿಟ್ಟುಹೋಗುವುದು. ಒಂದು ದಾಳಿಗೆ ಇರುವ ಅವಕಾಶ 30 ಸೆಕೆಂಡುಗಳು. ಅದರೊಳಗೆ ಕೂಗಿ ಹೇಳಿ ಕೇಳುವುದಕ್ಕೆ ಎಡೆಯಿಲ್ಲ. ಒಬ್ಬನ ಇಂಗಿತವನ್ನು ಮತ್ತೊಬ್ಬನು ಅರಿತಿರಬೇಕು. ಈ ಅರಿವು ಬಹುಕಾಲದ ಸಹವಾಸದಿಂದಲ್ಲದೆ ಬರುವುದಿಲ್ಲ.

ಇಂತಹ ವಿಷಯದಲ್ಲಿ ಪ್ರಾಚೀನರ ವಿಚಾರಕ್ರಮವು ಉಪಯುಕ್ತವಾಗಿದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಲವ್ಯಸನ, ಎಂದರೆ ಸೇನೆಗೆ ಒದಗುವ ಕೇಡುಗಳು, ಒಂದು ಪ್ರಕರಣದ ವಿಷಯವಾಗಿವೆ. ಅಲ್ಲಿ ಗ್ರಂಥಕಾರನು ಕೇಡುಗಳ ಪಟ್ಟಿಯನ್ನು ಕೊಟ್ಟು ಸುಮ್ಮನಾಗದೆ, ಅವುಗಳನ್ನು ಎರಡೆರಡಾಗಿ ತೂಗಿ, ಯಾವ ಸೇನೆಯು ಯುದ್ಧಕ್ಕೆ ಇನ್ನೂ ಅರ್ಹ, ಯಾವುದು ಅನರ್ಹ ಎಂಬುದನ್ನು ವಿವೇಚಿಸಿರುವನು. ಪರಿಶ್ರಾಂತವಾದ ಸೇನೆಯು ಸ್ನಾನ, ಊಟ, ನಿದ್ರೆಗಳಿಂದ ಚೇತರಿಸಿಕೊಂಡು ಕಾದಬಲ್ಲುದು. ಪರಿಕ್ಷೀಣವಾದುದು, ಎಂದರೆ ಆಳುಗಳನ್ನೂ ವಾಹನಗಳನ್ನೂ ಕಳೆದುಕೊಂಡುದು, ಕಾದಲಾರದು. ಹೊಸದಾಗಿ ಬಂದ ಸೇನೆಯು ನೆಲದ ಪರಿಚಯವನ್ನು ಬಲ್ಲವರಿಂದ ಪಡೆದು ಹಳಬರೊಡನೆ ಬೆರೆತರೆ ಕಾದಬಹುದು. ವ್ಯಾಧಿಗೊಳಗಾದುದಕ್ಕೆ ಸಾಮರ್ಥ್ಯವೇ ಇರದು. ಬೇರೊಂದೆಡೆ ಅವನು ಬಲಗಳನ್ನು ಆರು ವಿಧವಾಗಿ ವಿಂಗಡಿಸಿ, ವಂಶಪರಂಪರೆಯಿಂದ ಬಂದ ಮೌಲಬಲವನ್ನು ಕೂಲಿಗೆ ಸೇರಿದ ಭೃತಬಲಕ್ಕಿಂತ ಮೇಲೆಂದು ಎಣಿಸಿರುವನು. ಗಾಯ, ಬಳಲಿಕೆ, ಕ್ಷಯ, ಹೊಸಬರ ಸೇರ್ಪಡೆ ಎಂಬ ಈ ನಾಲ್ಕೂ ಇಂದಿನ ಆಟದ ದಳಗಳಲ್ಲಿ ಯಥಾವತ್ತಾಗಿ ಕಂಡುಬರುವುವು.

ಇಲ್ಲಿ ಪೂರ್ವಪಕ್ಷವು ಹೀಗಿದೆ: ದಳದ ಜಯವು ಶ್ರೇಷ್ಠನಾದ ಒಬ್ಬ ದಾಳಿಗಾರನನ್ನು ಅವಲಂಬಿಸಿದೆ, ಅವನಿದ್ದರೆ ಗೆಲವು, ಅವನು ಗಾಯಗೊಂಡರೆ ಸೋಲು. ಈ ವ್ಯಾಪ್ತಿಯು ನಿಲ್ಲಬೇಕಾದರೆ ಅನ್ವಯ ವ್ಯತಿರೇಕಗಳೆರಡೂ ಕೂಡಿಬರಬೇಕು. ಪ್ರೊ ಕಬಡ್ಡಿ ಲೀಗಿನ ಪವನ್ ಸೆಹ್ರಾವತನ ವೃತ್ತಾಂತವು ಇವೆರಡನ್ನೂ ಮುರಿಯುವುದು. ಬೆಂಗಳೂರು ಬುಲ್ಸ್ ದಳವು 2019ರ ಜನವರಿಯಲ್ಲಿ ಪ್ರಶಸ್ತಿಯನ್ನು ಗೆದ್ದಾಗ ಅಂತಿಮ ಪಂದ್ಯದಲ್ಲಿ 22 ಅಂಕಗಳನ್ನು ತಂದವನು ಈತನೇ. 2022ರಲ್ಲಿ ತಮಿಳ್ ತಲೈವಾಸ್ ದಳದವರು ಈತನನ್ನು 2.26 ಕೋಟಿ ರೂಪಾಯಿಗಳಿಗೆ ಹರಾಜಿನಲ್ಲಿ ಪಡೆದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಡೆದ ಅವರ ಮೊದಲನೆಯ ಪಂದ್ಯದಲ್ಲಿಯೇ ಆತನ ಮೊಣಕಾಲಿಗೆ ಪೆಟ್ಟುಬಿದ್ದು, ಆ ಋತುವೆಲ್ಲವೂ ಆತನು ಹೊರಗುಳಿಯಬೇಕಾಯಿತು. ದಳವು ನಾಶವಾಯಿತೆ? ಇಲ್ಲ. ಹಿಂದಿನ ವರ್ಷದಿಂದಲೂ ಜೊತೆಗೂಡಿ ಆಡಿದ ಸಾಗರ್, ಸಾಹಿಲ್ ಗುಲಿಯಾ ಮೊದಲಾದ ಹಿಡಿತಗಾರರು ಅಲ್ಲಿದ್ದರು. ನರೇಂದ್ರನೆಂಬ ಹೊಸ ತರುಣನು ದಾಳಿಯ ಹೊರೆಯನ್ನು ಹೊತ್ತನು. ಆ ದಳವು ತನ್ನ ಚರಿತ್ರೆಯಲ್ಲಿಯೇ ಮೊದಲ ಬಾರಿಗೆ ಉಪಾಂತ್ಯವನ್ನು ಮುಟ್ಟಿತು. ಇದು ವ್ಯತಿರೇಕದ ಭಂಗ.

ಮರುವರ್ಷ ಗುಣಮುಖನಾದ ಅದೇ ಆಟಗಾರನನ್ನು ತೆಲುಗು ಟೈಟನ್ಸ್ ದಳವು 2.605 ಕೋಟಿಗೆ ಕೊಂಡಿತು. ದಳವೊಂದು ವೆಚ್ಚಮಾಡಬಹುದಾದ ಒಟ್ಟು ಹಣದ ಮಿತಿಯು 5 ಕೋಟಿ. ಅದರ ಅರ್ಧಕ್ಕಿಂತ ಹೆಚ್ಚು ಒಬ್ಬನಿಗೇ ಸಂದಿತು. ಆತನು ಬಹುತೇಕ ಎಲ್ಲ ಪಂದ್ಯಗಳಲ್ಲಿಯೂ ಆಡಿದನು. ಆದರೂ 22 ಪಂದ್ಯಗಳಲ್ಲಿ ದಳವು ಗೆದ್ದುದು ಎರಡನ್ನೇ. ಪಡೆದುದು ಕೊನೆಯ ಸ್ಥಾನವನ್ನು. ಇದು ಅನ್ವಯದ ಭಂಗ. ಒಬ್ಬನ ಇರವು ಜಯಕ್ಕೆ ಸಾಧಕವೂ ಅಲ್ಲ, ಅವನ ಅಭಾವವು ಜಯಕ್ಕೆ ಬಾಧಕವೂ ಅಲ್ಲ ಎಂದಮೇಲೆ ಕಾರಣವನ್ನು ಬೇರೆಡೆ ಹುಡುಕಬೇಕು.

ಕರ್ಣಾಟಕದವರೇ ಆದ ಅರ್ಜುನ ಪ್ರಶಸ್ತಿ ವಿಜೇತ ಬಿ. ಸಿ. ರಮೇಶರ ಶಿಕ್ಷಣದಲ್ಲಿ ಆಡಿದ ದಳಗಳಿಂದ ಈ ಕಾರಣವು ಇನ್ನಷ್ಟು ಸ್ಪಷ್ಟವಾಗುವುದು. 2019ರ ಅಕ್ಟೋಬರಿನಲ್ಲಿ ಬೆಂಗಾಲ್ ವಾರಿಯರ್ಸ್ ದಳದ ನಾಯಕನೂ ಮುಖ್ಯ ದಾಳಿಗಾರನೂ ಆದ ಮಣಿಂದರ್ ಸಿಂಗ್ ಗಾಯದಿಂದ ಉಪಾಂತ್ಯಕ್ಕೂ ಅಂತಿಮಕ್ಕೂ ಒದಗಲಿಲ್ಲ. ಆದರೂ ಋತುವೆಲ್ಲ ಒಟ್ಟಿಗೆ ಆಡಿದ ಉಳಿದವರು ದಬಂಗ್ ದೆಹಲಿಯನ್ನು 39–34ರಿಂದ ಸೋಲಿಸಿ ಪ್ರಶಸ್ತಿಯನ್ನು ತಂದರು. ಮುಂದೆ ರಮೇಶರು ಪುಣೇರಿ ಪಲ್ಟನ್ ದಳವನ್ನು ವಹಿಸಿಕೊಂಡರು. 2022ರ ಡಿಸೆಂಬರಿನ ಅಂತಿಮ ಪಂದ್ಯಕ್ಕೆ ಅದರ ಅಸ್ಲಮ್ ಇನಾಮ್‌ದಾರ್, ಮೋಹಿತ್ ಗೋಯತ್ ಇಬ್ಬರೂ ಗಾಯದಿಂದ ಒದಗಲಿಲ್ಲ. ದಳವು 29–33ರಿಂದ ಸೋತಿತು. ಒಡೆಯರು ದಳವನ್ನು ಚದರಿಸಲಿಲ್ಲ. ಅದೇ ತರುಣರು ಮತ್ತೊಂದು ಋತುವನ್ನು ಕೂಡಿ ಆಡಿ, 2024ರ ಮಾರ್ಚ್ 1ರಂದು ಪ್ರಶಸ್ತಿಯನ್ನು ಗೆದ್ದರು. ಅದೇ ವರ್ಷದ ಕೊನೆಯ ಋತುವಿನ ನಡುವೆ ಅಸ್ಲಮನು ಮತ್ತೆ ಗಾಯಗೊಂಡು ಹೊರಗುಳಿದಾಗ ದಳವು ಕೊನೆಯ ಘಟ್ಟವನ್ನು ಪ್ರವೇಶಿಸಲಾರದೆ ಹೋಯಿತು. ಇದರಿಂದ ಸ್ಥೈರ್ಯವು ಎಲ್ಲ ಗಾಯಕ್ಕೂ ಮದ್ದೆಂದು ಹೇಳಲಾಗದೆಂಬುದು ಸಿದ್ಧಿಸುವುದು. ಒಗ್ಗಿದ ದಳವು ಕೆಲವು ಪಂದ್ಯಗಳ ಮಟ್ಟಿಗೆ ಒಬ್ಬನ ನಷ್ಟವನ್ನು ತಾಳಬಲ್ಲುದು. ನಷ್ಟವು ಇಬ್ಬರದಾದರೆ, ಅಥವಾ ದೀರ್ಘವಾದರೆ, ಅದು ಪರಿಕ್ಷೀಣವಾಗುವುದು.

ಹೊಸಬರ ದಳವು ಎಂದೂ ಗೆಲ್ಲದೆ ಎಂಬ ಶಂಕೆ ಬರಬಹುದು. 2024ರ ಋತುವಿನಲ್ಲಿ ಎರಡೇ ಪಂದ್ಯಗಳನ್ನು ಗೆದ್ದು ಕಟ್ಟಕಡೆಗೆ ನಿಂತ ಬೆಂಗಳೂರು ಬುಲ್ಸ್, 2025ರಲ್ಲಿ ರಮೇಶರನ್ನು ಶಿಕ್ಷಕರನ್ನಾಗಿ ಪಡೆದು, ಬಹುಪಾಲು ಹೊಸಬರಿಂದ ಕೂಡಿದ್ದರೂ ಕೊನೆಯ ಘಟ್ಟವನ್ನು ಪ್ರವೇಶಿಸಿತು. ಇದು ಸಿದ್ಧಾಂತಕ್ಕೆ ವಿರೋಧವಲ್ಲ. ನವಾಗತ ಬಲವು ಬಲ್ಲವರಿಂದ ತಿಳಿದು ಕಾದಬಹುದೆಂದು ಕೌಟಿಲ್ಯನು ಒಪ್ಪಿರುವನಷ್ಟೆ. ತಿಳಿಸತಕ್ಕವನೊಬ್ಬನು ಸ್ಥಿರವಾಗಿರುವಲ್ಲಿ ಹೊಸತನದ ದೋಷವು ಬೇಗನೆ ಕರಗುವುದು.

ಇನ್ನು ಗಾಯದ ಕಾಲಪ್ರಮಾಣ. ಸುಶ್ರುತನು ಭಗ್ನವನ್ನು ಸಂಧಿಮುಕ್ತ, ಕಾಂಡಭಗ್ನಗಳೆಂದು ಎರಡಾಗಿ ಮಾಡಿ, ಮೊದಲನೆಯದರಲ್ಲಿ ಆರು, ಎರಡನೆಯದರಲ್ಲಿ ಹನ್ನೆರಡು ಭೇದಗಳನ್ನು ಹೇಳಿರುವನು. ಸಂಧಿಯು ಸ್ಥಿರವಾಗಲು ಎಳೆಯ ವಯಸ್ಸಿನಲ್ಲಿ ಒಂದು ತಿಂಗಳು, ನಡುವಯಸ್ಸಿನಲ್ಲಿ ಅದರ ಇಮ್ಮಡಿ, ಮುಪ್ಪಿನಲ್ಲಿ ಮುಮ್ಮಡಿ ಕಾಲವು ಬೇಕೆಂಬುದು ಅವನ ಎಣಿಕೆ. 2022ರ ಲೀಗಿನಲ್ಲಿ ಪ್ರತಿದಳದ 22 ಪಂದ್ಯಗಳು ಎರಡು ತಿಂಗಳಿಗಿಂತ ಸ್ವಲ್ಪವೇ ಹೆಚ್ಚು ಕಾಲದಲ್ಲಿ ಮುಗಿದುವು. ಒಂದು ತಿಂಗಳ ಗಾಯವೆಂದರೆ ಸುಮಾರು ಅರ್ಧ ಋತುವೇ ಹೋದಂತೆ. ಮೊಣಕಾಲಿನ ಕೀಲಿನೊಳಗೆ ತೊಡೆಯೆಲುಬನ್ನೂ ಕೆಳಗಾಲಿನ ಎಲುಬನ್ನೂ ಅಡ್ಡಲಾಗಿ ಬಿಗಿಯುವ ಅಸ್ಥಿರಜ್ಜುವು ಹರಿದು ಶಸ್ತ್ರಚಿಕಿತ್ಸೆಯಾದರೆ, ಆಟಕ್ಕೆ ಮರಳಲು ಒಂಬತ್ತು ತಿಂಗಳಾದರೂ ಕಾಯಬೇಕೆಂಬುದು ಇಂದಿನ ವೈದ್ಯರ ಸಾಮಾನ್ಯವಾದ ಮತ. ಬಿದಿರ ದಬ್ಬೆ ಕಟ್ಟಿ ಎಲುಬನ್ನು ಕೂಡಿಸಬಹುದು. ಒಳಗೆ ಹರಿದ ರಜ್ಜುವನ್ನು ಕೂಡಿಸಲಾಗದು. ಊತವು ಇಳಿದ ಮಾತ್ರಕ್ಕೆ ಗುಣವಾಯಿತೆಂದು ಆಡುವವನ ಕೀಲು ಮತ್ತೆ ಜಾರುವುದು; ಮೊದಲ ಗಾಯಕ್ಕಿಂತ ಎರಡನೆಯದು ಘೋರವಾಗುವುದುಂಟು.

ಈಗ ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳಿಗೆ ಬರಬಹುದು. ಇಲ್ಲಿಯ ಗ್ರಾಮದಳಗಳಿಗೆ ಹರಾಜೂ ಇಲ್ಲ, ಕೋಟಿಗಳೂ ಇಲ್ಲ. ಆದರೆ ವ್ಯಸನಗಳು ಅವೇ. ಚನ್ನಗಿರಿಯ ಸೀಮೆಯಲ್ಲಿ ಅಡಕೆಯ ಕೊಯ್ಲು ಬಂದರೆ ಆಟಗಾರರು ತೋಟಗಳಿಗೂ ಬೇಯಿಸುವ ಮನೆಗಳಿಗೂ ಹಂಚಿಹೋಗುವರು. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿಯೂ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿಯೂ ನಾಟಿ ಕೊಯ್ಲುಗಳ ಕಾಲದಲ್ಲಿ ಅದೇ ಗತಿ. ಮಳೆಯನ್ನೇ ನಂಬಿದ ಜಗಳೂರಿನಲ್ಲಿ ಮಳೆ ತಪ್ಪಿದ ವರ್ಷ ತರುಣರು ಗುಳೆ ಹೋಗುವುದರಿಂದ ಹಿಂದಿನ ವರ್ಷದ ಏಳು ಮಂದಿ ಮರುವರ್ಷ ಕೂಡುವುದೇ ಅಪೂರ್ವ. ಆ ಕೊರತೆಯನ್ನು ತುಂಬಲು ಬೇರೆ ಊರಿನ ಬಲ್ಲಿದ ಆಟಗಾರನನ್ನು ಹಣಕೊಟ್ಟು ಕರೆತರುವುದುಂಟು, ಇದು ಭೃತಬಲವೇ. ಮೇಲಾಗಿ, ಹದಿನಾರು ದಳಗಳು ಸೇರಿದ ಪಂದ್ಯಾವಳಿಯು ಒಂದೇ ರಾತ್ರಿಯಲ್ಲಿ ಮುಗಿಯುವುದಾದರೆ, ಗೆಲ್ಲುವ ದಳವು ಬೆಳಗಾಗುವುದರೊಳಗೆ ನಾಲ್ಕು ಪಂದ್ಯಗಳನ್ನು ಆಡಬೇಕು. ಹಗಲೆಲ್ಲ ದುಡಿದು ಬಂದವನಿಗೆ ನಡುವೆ ನಿದ್ರೆಯಿಲ್ಲ, ಊಟವಿಲ್ಲ. ಬಳಲಿದ ಕಾಲೇ ತಪ್ಪು ಹೆಜ್ಜೆಯನ್ನಿಡುವುದು.

ಇಂತಹ ಹೊತ್ತಿನಲ್ಲಿ ಗಾಯಗೊಂಡ ಉತ್ತಮ ಆಟಗಾರನನ್ನು, ಅವನಿಲ್ಲದೆ ಗೆಲವಿಲ್ಲವೆಂದು ಹೇಳಿ, ಬಟ್ಟೆ ಬಿಗಿದು ಮತ್ತೆ ಕಣಕ್ಕೆ ನೂಕುವುದು ರೂಢಿ. ಆ ಮಾತು ಪೂರ್ವಪಕ್ಷವೇ ಹೊರತು ಸಿದ್ಧಾಂತವಲ್ಲವೆಂಬುದು ಮೇಲಣ ವಿವೇಚನೆಯಿಂದ ತಿಳಿಯಬರುವುದು. ಕೋಟಿಗಟ್ಟಲೆ ಬೆಲೆಯ ಆಟಗಾರನಿಲ್ಲದೆಯೂ ಒಗ್ಗಿದ ದಳವು ನಡೆದಿರುವಾಗ, ಊರಿನ ದಳವು ಒಬ್ಬನ ಮೊಣಕಾಲನ್ನು ಬಲಿಕೊಡಬೇಕಾದ ಕಾರಣವಿಲ್ಲ. ಹಣದ ಆಟಗಾರನಿಗೆ ಕಾಯಲು ಒಂಬತ್ತು ತಿಂಗಳ ಬಿಡುವೂ ವೈದ್ಯರೂ ಉಂಟು. ಮರವೇರಿ ಗೊನೆ ಇಳಿಸುವವನಿಗೆ ಆ ಕಾಲೇ ಜೀವನೋಪಾಯ. ಆದುದರಿಂದ ದಳ ಕಟ್ಟುವವರು ಮಾಡಬೇಕಾದುದು ಮೂರು: ಏಳು ಮಂದಿಗೆ ಬದಲಾಗಿ ಹನ್ನೆರಡು ಮಂದಿಯನ್ನು ವರ್ಷವೆಲ್ಲ ಒಟ್ಟಿಗೆ ಪಳಗಿಸುವುದು, ಕೂಲಿಯ ಆಟಗಾರನಿಗೆ ಕೊಡುವ ಹಣವನ್ನು ಊರಿನ ಗಾಯಾಳುವಿನ ಚಿಕಿತ್ಸೆಗೆ ಮೀಸಲಿಡುವುದು, ಗಾಯಗೊಂಡವನನ್ನು ವೈದ್ಯನು ಒಪ್ಪುವತನಕ ಹೊರಗೆ ಕೂರಿಸುವುದು. ಇವುಗಳಲ್ಲಿ ಮೊದಲನೆಯದನ್ನು ಮಾಡಿದವರಿಗೆ ಮೂರನೆಯದು ಕಷ್ಟವೆನಿಸದು.